ಕೆಂಗೇರಿಯಲ್ಲೇ ಮನೆ ಬಂತೆಂದ ಜಿಪಿಎಸ್

ಶಕುನ, ದೆವ್ವ, ಮಾಟ ಇವೆಲ್ಲ ಕೆಲಸವಿಲ್ಲದವರ ಹರಟೆ ಎಂದುಕೊಂಡೇ ಬೆಳೆದವನು ನಾನು. ಯಾರಾದರೂ ಇಂಥ ಕಥೆ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋದರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಆಗಿನ್ನೂ ಬೆಂಗಳೂರಿನ ಕಾರುಗಳಲ್ಲಿ ಜಿಪಿಎಸ್ ಅಪರೂಪ. ಪಂಪ್‌ಸೆಟ್ ಮಾರುವ ಕೆಲಸದಲ್ಲಿ ನಾನು ಮದ್ದೂರು, ಮಂಡ್ಯ, ಮಳವಳ್ಳಿ ಎಂದು ಸುತ್ತುತ್ತಲೇ ಇರಬೇಕಿತ್ತು. ಅಂಗೈಯಗಲದ ಒಂದು ಜಿಪಿಎಸ್ ಕೊಂಡು ಕಾರಿನ ಮುಂದಿನ ಗಾಜಿಗೆ ಅಂಟಿಸಿದೆ. ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ದಾರಿ ಹೇಳುತ್ತಿದ್ದಳು. ನಮ್ಮ ಬಸವೇಶ್ವರನಗರದ ಹೆಸರನ್ನು ಅವಳು ಹೇಳುವ ಚಂದಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಅಮ್ಮನಿಗೆ ಮಾತ್ರ ಅದನ್ನು ಕಂಡರಾಗುತ್ತಿರಲಿಲ್ಲ. ಆನ್ ಮಾಡಿದ ಕೂಡಲೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ 'ಎಲ್ಲಿಗೆ?' ಎಂಬ ಪ್ರಶ್ನೆ ಮೂಡುತ್ತಿತ್ತು. ಅದರ ಅರ್ಥ ತಿಳಿದ ದಿನವೇ ಜಗಳ ಶುರುವಾಯಿತು.

"ಹೊರಡೋವಾಗ ಎಲ್ಲಿಗೆ ಅಂತ ಕೇಳ್ಬಾರ್ದು ಕಣೋ. ಮನುಷ್ಯರಾದ್ರೆ ದೂರ ಹೊರಟ್ರಾ ಅಂತಾರೆ. ಇದಕ್ಕೆ ಅಷ್ಟೂ ಗೊತ್ತಿಲ್ವಾ?"

"ಅದು ಮಿಷನ್ನಮ್ಮಾ."

"ಮಿಷನ್ನಾದ್ರೇನು? ಅಪಶಕುನ ಅಪಶಕುನಾನೇ."

ಕೊನೆಗೆ ಪರಿಹಾರವನ್ನೂ ಅವಳೇ ಹುಡುಕಿದಳು. ಹೊರಡುವವರು 'ಹೋಗಿ ಬರ್ತೀನಿ' ಎನ್ನುವುದಿಲ್ಲವೇ, ಹಾಗೆ ಮೊದಲು ಗೇಟಿನ ಮುಂದೆಯೇ ನಾನು 'ಮನೆ' ಎಂಬ ಬಟನ್ ಒತ್ತಬೇಕು. ಕಾರು ಮನೆಯೆದುರೇ ನಿಂತಿರುವುದರಿಂದ ಯಂತ್ರ ತಕ್ಷಣ 'ನೀವು ತಲುಪಿದಿರಿ' ಎನ್ನುತ್ತಿತ್ತು. ಗೇಟು ಹಿಡಿದು ನಿಂತ ಅಮ್ಮ ಅದನ್ನು ಕೇಳಿಸಿಕೊಂಡ ಮೇಲೆಯೇ "ಸರಿ, ಈಗ ಹೊರಡು" ಎನ್ನುತ್ತಿದ್ದಳು. ಇದನ್ನು ಹೇಳಿಕೊಂಡು ನಾನು ಆಫೀಸಿನಲ್ಲಿ ಎಷ್ಟೋ ಸಲ ನಗಿಸಿದ್ದೇನೆ.

ಆ ದಿನವೂ ಹಾಗೇ ಹೊರಟಿದ್ದೆ. ಮಂಡ್ಯದ ಕೆಲಸ ಬೇಗ ಮುಗಿಯಿತು. ಮೈಸೂರು ರಸ್ತೆಯನ್ನು ಕೆಂಗೇರಿಯಿಂದ ಮುಂದೆ ಅಗೆದು ಹಾಕಿದ್ದರು. ಮಲ್ಲತ್ತಹಳ್ಳಿಯ ಒಳದಾರಿ ಹಿಡಿಯೋಣವೆಂದು ಬಿಡದಿಯಲ್ಲಿ 'ಮನೆ' ಒತ್ತಿದೆ. ಕೆಂಗೇರಿಯ ಬಸ್ ನಿಲ್ದಾಣದವರೆಗೆ ಎಲ್ಲ ಸರಿಯಾಗಿತ್ತು. ಅದನ್ನು ದಾಟಿದ್ದೇ ತಡ, ಯಂತ್ರ ಇದ್ದಕ್ಕಿದ್ದಂತೆ 'ನೀವು ತಲುಪಿದಿರಿ' ಎಂದಿತು.

ಬೈದುಕೊಂಡು ಕಾರು ಬದಿಗೆ ಹಾಕಿದೆ. ಆರಿಸಿ, ಮತ್ತೆ ಆನ್ ಮಾಡಿ, ಮತ್ತೆ 'ಮನೆ' ಒತ್ತಿದೆ. ಅದೇ ಮಾತು. ಇನ್ನೊಂದು ಸಲ ಒತ್ತಿದೆ. ಆಗಲೂ ಅದೇ. ಒಳ್ಳೆ ಬಿಸಿಲಿತ್ತು, ರಸ್ತೆ ತುಂಬ ಜನರಿದ್ದರು. ಪಕ್ಕದಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್. ಅದರ ವಾಚ್‌ಮನ್ ಓಡಿಬಂದು ಕಾರಿನ ಕಿಟಕಿಗೆ ಬಗ್ಗಿದ.

"ಸಾರ್, ನೀವು ಆ ಅಜ್ಜಿ ಕಡೆಯೋರಾ?"

"ಯಾವ ಅಜ್ಜಿ? ಅಲ್ಲಪ್ಪ."

"ಬಸ್ಸಿಂದ ಇಳಿದು ಅಲ್ಲೇ ಬಿದ್ಬಿಟ್ರು ಸಾರ್. ಜನ ಎತ್ಕೊಂಡ್ ಬಂದ್ರು. ಯಾರು ಅಂತಾನೇ ಗೊತ್ತಿಲ್ಲ. ಅವ್ರತ್ರ ಒಂದು ಬ್ಯಾಗಿತ್ತು, ಬರೀ ಕರಿಬೇವು."

ನಮ್ಮ ಹಿತ್ತಲಿನ ಕರಿಬೇವನ್ನು ಕೆಂಗೇರಿ ಉಪನಗರದ ಚಿಕ್ಕಮ್ಮನಿಗೆ ಆಗಾಗ ಒಯ್ದು ಕೊಡುವುದು ಅಮ್ಮನ ರೂಢಿ. ಕಾರಿನ ಬಾಗಿಲು ಹಾಕಿದೆನೋ ಇಲ್ಲವೋ ನೆನಪಿಲ್ಲ. ಒಳಗೆ ಮಲಗಿದ್ದವಳು ನನ್ನ ಅಮ್ಮನೇ.

ಅವಳು ಬರುವ ಸುದ್ದಿ ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದರು. ಅವಳನ್ನು ಹುಡುಕುವವರು ಯಾರೂ ಇರಲಿಲ್ಲ. ಹೃದಯದ ತೊಂದರೆ, ಬೇರೆ ಕಡೆ ಸಾಗಿಸುವ ಸ್ಥಿತಿಯಲ್ಲಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಾನು ಕೈ ಹಿಡಿದಾಗ ಅಮ್ಮ ಕಣ್ಣು ಬಿಟ್ಟಳು. "ಬಂದ್ಯಾ? ಗಂಟಲು ಒಣಗ್ತಿದೆ ಕಣೋ" ಎಂದಳು. ಚಮಚದಲ್ಲಿ ನೀರು ಹಾಕಿದೆ. ಹೆಂಡತಿ ಆಟೋದಲ್ಲಿ ಬಂದಿಳಿಯುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಅಷ್ಟು ಜನರ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟೆ.

ತಿಥಿಯೆಲ್ಲ ಮುಗಿದ ಮೇಲೆ ಜಿಪಿಎಸ್ ಮಾರಿದವನ ಹತ್ತಿರ ಹೋದೆ. ಎಲ್ಲ ಪರೀಕ್ಷಿಸಿ ನೋಡಿದ. ಅದರಲ್ಲಿ ಮನೆಯ ಜಾಗ ಬಸವೇಶ್ವರನಗರವೆಂದೇ ಇತ್ತು. "ಸಿಗ್ನಲ್ ಪ್ರಾಬ್ಲಮ್ ಸಾರ್, ಒಂದೊಂದ್ಸಲ ಹಂಗಾಗುತ್ತೆ" ಎಂದ. ಇರಬಹುದು, ನಾನೂ ಹಾಗೆಂದೇ ನನಗೆ ಹೇಳಿಕೊಂಡಿದ್ದೇನೆ. ಆದರೆ ಅದು ಅಂದು ಸರಿಯಾಗಿ ಕೆಲಸ ಮಾಡಿದ್ದರೆ ನಾನು ಆ ನರ್ಸಿಂಗ್ ಹೋಮನ್ನು ದಾಟಿ ಹೋಗಿ, ಮನೆಯಲ್ಲಿ ಕಾಫಿ ಕುಡಿಯುತ್ತ ಅಮ್ಮ ಎಲ್ಲಿ ಹೋದಳೋ ಎಂದು ಗೊಣಗುತ್ತಿದ್ದೆ.

ಆ ಯಂತ್ರ ಈಗಲೂ ನನ್ನ ಕಾರಿನಲ್ಲಿದೆ. ಮಳವಳ್ಳಿಗಾಗಲಿ ಮದ್ದೂರಿಗಾಗಲಿ ಚೆನ್ನಾಗಿಯೇ ದಾರಿ ತೋರಿಸುತ್ತದೆ. 'ಮನೆ' ಎಂಬ ಬಟನ್ ಮಾತ್ರ ನಾನು ಮತ್ತೆ ಮುಟ್ಟಿಲ್ಲ. ಸಂಜೆ ಒಬ್ಬನೇ ವಾಪಸು ಬರುವಾಗ, ಹೆಂಡತಿ ಒಂದು ಕಡೆ, ಮಕ್ಕಳು ಒಂದು ಕಡೆ ಹೋಗಿರುತ್ತಾರೆ. ಅದು ಯಾವುದೋ ಗೊತ್ತಿಲ್ಲದ ಕಟ್ಟಡದ ಮುಂದೆ 'ನೀವು ತಲುಪಿದಿರಿ' ಎಂದುಬಿಟ್ಟರೆ ಒಳಗೆ ಯಾರಿದ್ದಾರೆಂದು ಹೋಗಿ ನೋಡುವ ಧೈರ್ಯ ನನಗಿಲ್ಲ.