ನಾನಾಗಿಯೇ ಹೋದದ್ದು

ಇನ್ನಾಸಪ್ಪ ನನ್ನ ತಲೆ ಕೆಡಿಸಿ ಚರ್ಚಿಗೆ ಸೇರಿಸಿದ ಎಂದು ಏಳು ವರ್ಷಗಳ ಹಿಂದೆ ನಾನು ಹೇಳಿದ ಮಾತು ಸುಳ್ಳು. ಅದನ್ನು ನಮ್ಮ ನಡುಮನೆಯಲ್ಲಿ, ಅವನು ಬಾಗಿಲ ಬಳಿ ನಿಂತಿರುವಾಗಲೇ, ಅವನ ಮುಖ ನೋಡದೆ ಹೇಳಿದೆ. ಈಗ ಬರೆಯುತ್ತಿದ್ದೇನೆ — ತಡವಾಗಿದೆ, ಗೊತ್ತು.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಕೆಳಗಡೆ ಅಣ್ಣ ಗಂಗಾಧರಯ್ಯ ಪವರ್‌ಲೂಮ್ ಮಗ್ಗಗಳನ್ನು ನಡೆಸುತ್ತಾನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮಹಡಿಯ ಎರಡು ಕೋಣೆ ನನ್ನವು. ನನಗೆ ಮಕ್ಕಳಿಲ್ಲ. ಹೆಂಡತಿ ಸರೋಜ ತೀರಿಕೊಂಡ ಮೇಲೆ ಮಗ್ಗದ ಸದ್ದೇ ನನಗೆ ಜೊತೆ. ಹಗಲಲ್ಲಿ ಕರೆಂಟ್ ಹೋಗಿ ಮಗ್ಗಗಳೆಲ್ಲ ಒಟ್ಟಿಗೆ ನಿಂತುಬಿಟ್ಟಾಗ, ಮೇಲೆ ನಾನೊಬ್ಬನೇ ಇದ್ದೇನೆ ಎಂಬುದು ಥಟ್ಟನೆ ತಿಳಿಯುತ್ತಿತ್ತು.

ಇನ್ನಾಸಪ್ಪ ಮಗ್ಗ ರಿಪೇರಿ ಮಾಡುವವನು. ನಮ್ಮ ಬೀದಿಯ ಅಷ್ಟೂ ಮಗ್ಗಗಳನ್ನು ಅವನೇ ನೋಡಿಕೊಳ್ಳುತ್ತಿದ್ದ. ಕೆಲಸಕ್ಕೆ ಕೈಹಾಕುವ ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ದೇವರನ್ನೇ ನಂಬದ ನಾನು ಒಮ್ಮೆ ಕೆಣಕಿದೆ. "ಅದ್ರಿಂದ ಮೋಟ್ರು ಓಡುತ್ತೇನಯ್ಯ?"

"ಮೋಟ್ರು ಕರೆಂಟಿಂದ ಓಡೋದು ಸಾರ್. ಒಳಕ್ಕೆ ಕೈ ಇಡೋನು ನಾನಲ್ವಾ" ಎಂದ.

ಅವನು ನನಗೆ ಮಾಡಿದ ಧರ್ಮೋಪದೇಶವೆಂದರೆ ಅಷ್ಟೇ. ಉಳಿದದ್ದೆಲ್ಲ ನಾನೇ ಹುಡುಕಿಕೊಂಡು ಹೋದದ್ದು. ಜೀವನವಿಡೀ ಕಪ್ಪುಹಲಗೆಯ ಮೇಲೆ ಪ್ರಮೇಯಗಳನ್ನು ಸಾಧಿಸಿದವನು ನಾನು. ಪ್ರತಿ ಹೆಜ್ಜೆಗೂ ಹಿಂದಿನ ಹೆಜ್ಜೆ ಆಧಾರ. ಆದರೆ ಎಲ್ಲೋ ಒಂದು ಕಡೆ ಯಾವ ಆಧಾರವೂ ಬೇಡದ ಒಂದು ಮಾತು ಇರಲೇಬೇಕು, ಇಲ್ಲದಿದ್ದರೆ ಯಾವುದೂ ನಿಲ್ಲುವುದಿಲ್ಲ. ಹಾಗಾದರೆ ಈ ಲೋಕ? ಸರೋಜ ಇದ್ದಳು, ಈಗಿಲ್ಲ. ನಾನು ಇದ್ದೇನೆ, ನಾಳೆ ಇರುವುದಿಲ್ಲ. ಇಲ್ಲದೆಯೂ ಇರಬಹುದಾದ ಇಷ್ಟೆಲ್ಲವನ್ನೂ ಇರುವಂತೆ ಮಾಡಿದ್ದು ಯಾವುದು?

ಅಲ್ಲಿಗೇ ನಿಂತಿದ್ದರೆ ನಾನು ಚರ್ಚಿನ ಕಡೆ ತಿರುಗಬೇಕಾಗಿರಲಿಲ್ಲ. ದೇವರೊಬ್ಬನಿದ್ದಾನೆ ಎಂಬಷ್ಟನ್ನು ನಮ್ಮಪ್ಪನೂ ಒಪ್ಪುತ್ತಿದ್ದ. ನನ್ನನ್ನು ಬಿಡದೆ ಕಾಡಿದ್ದು ಯೇಸುವಿನ ಶಿಷ್ಯರ ಸಂಗತಿ. ಗುರುವನ್ನು ಹಿಡಿದಾಗ ಓಡಿಹೋದವರು ಅವರು. ಅವರಲ್ಲಿ ಮೊದಲಿಗನೇ ಆ ಗುರು ಯಾರೋ ತನಗೆ ಗೊತ್ತಿಲ್ಲ ಎಂದುಬಿಟ್ಟ. ಅಂಥವರು ಕೆಲವೇ ದಿನಗಳಲ್ಲಿ ಬೀದಿಗೆ ಬಂದು, ಸತ್ತವನು ಎದ್ದದ್ದನ್ನು ಕಂಡೆವು ಎಂದರು, ಆ ಮಾತಿಗಾಗಿ ಸಾಯಲೂ ಸಿದ್ಧರಾದರು. ತಾನೇ ಕಟ್ಟಿದ ಸುಳ್ಳಿಗೆ ಯಾರು ಪ್ರಾಣ ಕೊಡುತ್ತಾರೆ? ಸುಳ್ಳು ಕಟ್ಟುವವರು ತಮ್ಮ ಆ ಮೊದಲಿಗನ ಹೇಡಿತನವನ್ನು ಏಕೆ ಬರೆದಿಡುತ್ತಾರೆ? ಆ ಸಾಕ್ಷಿ ಕೈಯಿಂದ ಕೈಗೆ ಕಡಿಯದೆ ಎಲ್ಲಿ ಬಂದಿದೆ ಎಂದು ಓದುತ್ತ ಓದುತ್ತ ಕಥೋಲಿಕ ಧರ್ಮಸಭೆಯ ಬಾಗಿಲಿಗೆ ಬಂದು ನಿಂತೆ.

ತರ್ಕ ಬಾಗಿಲವರೆಗೆ ತಂದಿತು. ಒಳಗೆ ಹೋದದ್ದು — ಅದನ್ನು ಹೇಗೆ ಹೇಳಲಿ? ಒಂದು ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ ನಡೆಯುವ ಹೊತ್ತಿಗೆ ಹೋಗಿ ಕಡೆಯ ಬೆಂಚಿನಲ್ಲಿ ಕೂತೆ. ಚರ್ಚಿನ ಗುರುಗಳು ಪ್ರಸಾದದ ರೊಟ್ಟಿಯನ್ನು ಮೇಲೆತ್ತಿ ಹಿಡಿದಾಗ ಎಲ್ಲರೂ ಮೊಣಕಾಲೂರಿದರು. ನಾನು ಊರಲಿಲ್ಲ. ಆದರೆ ಸರೋಜ ಹೋದ ಮೇಲೆ ಮೊದಲ ಸಲ, ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ಅದನ್ನು ನಾನು ಸಾಧಿಸಿ ತೋರಿಸಲಾರೆ.

ಆಮೇಲೆ ಇನ್ನಾಸಪ್ಪನನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತುಮಾಡಿದೆ. "ನಂಗೊತ್ತಿಲ್ಲ ಸಾರ್, ಫಾದರ್‌ನ ಕೇಳಿ" ಎನ್ನುತ್ತಿದ್ದ. ಒಂದು ವರ್ಷ ಗುರುಗಳ ಬಳಿ ಪಾಠ ಆಯಿತು. ಧರ್ಮಸಭೆಗೆ ಸೇರುವ ಜ್ಞಾನಸ್ನಾನಕ್ಕೆ ನೀನೇ ಜ್ಞಾನಪಿತನಾಗಿ, ನನ್ನ ಪರ ಸಾಕ್ಷಿಯಾಗಿ ನಿಲ್ಲು ಎಂದಾಗ ಅವನು ಸಂತೋಷಪಡಲಿಲ್ಲ, ಗಾಬರಿಯಾದ.

"ಅಣ್ಣಾವ್ರಿಗೆ ಹೇಳ್ಬಿಟ್ಟು ಬನ್ನಿ ಸಾರ್. ಮುಚ್ಚಿಟ್ಟು ಬ್ಯಾಡ."

"ಹೇಳಿದೀನಿ" ಎಂದೆ. ಹೇಳಿರಲಿಲ್ಲ. ಹೊಸ ಬದುಕಿನ ಹೊಸಿಲಲ್ಲೇ ಸುಳ್ಳಾಡಿದೆ. ಅವನು ನಂಬಿದ, ನನ್ನ ತಲೆಯ ಮೇಲೆ ನೀರು ಬೀಳುವಾಗ ಭುಜದ ಮೇಲೆ ಕೈಯಿಟ್ಟು ನಿಂತಿದ್ದ.

ಆಗ ಅಣ್ಣನ ಮಗಳು ವನಿತಾಳ ಮದುವೆಯ ಮಾತು ನಡೆದಿತ್ತು. ಗಂಡಿನ ಕಡೆಯವರಿಗೆ ಹೇಗೋ ವಿಷಯ ಮುಟ್ಟಿತು. ಅಣ್ಣ ನಮ್ಮ ಕುಲದ ಇಬ್ಬರು ಹಿರಿಯರನ್ನು ಕರೆಸಿದ, ಇನ್ನಾಸಪ್ಪನಿಗೂ ಹೇಳಿಕಳಿಸಿದ. ಮಗ್ಗ ಕೆಟ್ಟಿದೆ ಎಂದುಕೊಂಡು ಅವನು ಸ್ಪ್ಯಾನರ್ ಚೀಲ ಹಿಡಿದೇ ಬಂದ.

ಅಣ್ಣ ಕೇಳಿದ. "ನೀನಾಗ್ ನೀನೇ ಹೋದ್ಯಾ, ಇಲ್ಲಾ ಇವ್ನು ಕರ್ಕೊಂಡ್ ಹೋದ್ನಾ? ಒಂದ್ ಮಾತು ಹೇಳ್ಬಿಡು."

"ಇವ್ನೇ ಹಿಂದೆ ಬಿದ್ದಿದ್ದ" ಎಂದೆ. "ಸರೋಜ ಹೋದ ಸಂಕಟದಲ್ಲಿದ್ದೆ. ತಲೆ ಕೆಡಿಸ್ಬಿಟ್ಟ."

ವನಿತಾಳಿಗಾಗಿ ಹಾಗೆಂದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಮಹಡಿಯ ಎರಡು ಕೋಣೆಗಾಗಿ, ಅತ್ತಿಗೆ ಕಳಿಸುವ ಬಿಸಿ ಊಟಕ್ಕಾಗಿ, ಬೀದಿಯಲ್ಲಿ ಜನ ಮೇಷ್ಟ್ರೇ ಎಂದು ನಿಂತು ಮಾತಾಡಿಸುವುದಕ್ಕಾಗಿ. ಸತ್ತ ಹೆಂಡತಿಯನ್ನೂ ಅಡ್ಡ ಹಿಡಿದೆ.

ಇನ್ನಾಸಪ್ಪ ವಾದಿಸಲಿಲ್ಲ. "ಮೇಷ್ಟ್ರೇ ಹೇಳಿದ್ಮೇಲೆ ಆಯ್ತು ಬಿಡಿ" ಎಂದು ಹೊರಟುಹೋದ. ಮರುದಿನದಿಂದ ಬೀದಿಯಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನ ಮನೆ ಮುಂದೆ ನಿಂತು ಕೂಗಾಡಿದವರೂ ಇದ್ದರು. ತಿಂಗಳೊಳಗೆ ಹೆಂಡತಿಯನ್ನು ಕರೆದುಕೊಂಡು ದಾಬಸ್‌ಪೇಟೆಗೆ ಹೋದ. ಅಲ್ಲೇ ಪಕ್ಕದ ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತಂತೆ. ನಾನು ಚರ್ಚು ಬಿಟ್ಟೆನೆಂದು ಎಲ್ಲರೂ ನಂಬಿದರು, ವನಿತಾಳ ಮದುವೆ ಆಯಿತು. ನಾನು ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದೆ.

ನಂಬಿಕೆ ಮಾತ್ರ ನನ್ನನ್ನು ಬಿಡಲಿಲ್ಲ — ಬಿಟ್ಟಿದ್ದರೆ ಸುಖವಾಗಿರುತ್ತಿದ್ದೆನೋ ಏನೋ. ಭಾನುವಾರ ಸ್ನೇಹಿತರ ಮನೆಗೆ ಎಂದು ಹೇಳಿ ರೈಲು ಹತ್ತಿ, ಬೆಂಗಳೂರಿನಲ್ಲಿ ಯಾರೂ ಗುರುತಿಸದ ದೊಡ್ಡ ಚರ್ಚಿಗೆ ಹೋಗುತ್ತಿದ್ದೆ. ಪರಮಪ್ರಸಾದದ ರೊಟ್ಟಿಗೆ ಎಲ್ಲರೂ ಎದ್ದು ಸಾಲುಗಟ್ಟಿದಾಗ ನಾನು ಕೂತೇ ಇರುತ್ತಿದ್ದೆ; ಮಾಡಿದ ಪಾಪವನ್ನು ಒಪ್ಪಿಕೊಳ್ಳದವನು ಅದನ್ನು ಮುಟ್ಟುವಂತಿಲ್ಲ. ಪಕ್ಕದವರು ದಾಟಿಹೋಗಲೆಂದು ಕಾಲು ಓರೆ ಮಾಡುತ್ತಿದ್ದೆ. ಏಳು ವರ್ಷ, ಆ ಉದ್ದನೆಯ ಬೆಂಚಿನಲ್ಲಿ ಅಷ್ಟು ಹೊತ್ತು ನಾನೊಬ್ಬನೇ. ಹೋದ ತಿಂಗಳು ಒಬ್ಬ ಮುದುಕಿ ನನ್ನನ್ನು ದಾಟುತ್ತ, "ಏಳೋಕೆ ಆಗಲ್ವೇನಪ್ಪ, ಕೈ ಹಿಡ್ಕೊಳ್ಳಲಾ?" ಎಂದಳು. ಆಗದು ಎಂದು ತಲೆಯಾಡಿಸಿದೆ. ಅಂದು ಮನೆಗೆ ಬಂದವನು ನೇರ ಅಣ್ಣನ ಮುಂದೆ ನಿಂತು ನಿಜ ಹೇಳಿದೆ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಬೈಯುತ್ತಾನೆ ಎಂದುಕೊಂಡಿದ್ದೆ.

"ಅವತ್ತೇ ಗೊತ್ತಿತ್ತು ಕಣೋ" ಎಂದ. "ನಿನ್ನ ತಲೆ ಕೆಡ್ಸೋನು ಇನ್ನೂ ಹುಟ್ಟಿಲ್ಲ. ನೀನು ಹಂಗಂದಿದ್ದು ನಂಗೂ ಅನುಕೂಲವಾಯ್ತು, ಸುಮ್ನಾದೆ." ಮಗ್ಗದ ಕಡೆ ತಿರುಗಿ, "ಈಗ್ಯಾಕೆ ಎತ್ತಿದೆ?" ಎಂದ. ಆಮೇಲೆ ನನ್ನೊಡನೆ ಮಾತಾಡಿಲ್ಲ.

ದಾಬಸ್‌ಪೇಟೆಗೆ ಹೋದೆ. ಬಾಡಿಗೆ ಮನೆ, ಮುಂದೆ ಸಣ್ಣ ಜಗಲಿ. ಇನ್ನಾಸಪ್ಪ ಪಾಳಿ ಮುಗಿಸಿ ಬಂದು ಕೂತಿದ್ದ. ತಲೆ ಪೂರ್ತಿ ನರೆತಿತ್ತು. ನಾನು ಬಾಯಿ ತೆರೆಯುತ್ತಿದ್ದಂತೆ ತಡೆದ.

"ನಂಗೇನ್ ಹೇಳ್ತೀರ ಸಾರ್, ನಂಗೊತ್ತೈತಲ್ಲ. ಅವ್ಳಿಗೆ ಹೇಳಿ. ನೀವೇ ಏನಾರ ಮಾಡಿದ್ರಾ ಅಂತ ಇವತ್ಗೂ ಕೇಳ್ತಾಳೆ."

ಅವನ ಹೆಂಡತಿ ಲೂರ್ದಮ್ಮ ಬಾಗಿಲಿಗೆ ಬಂದು ನಿಂತಳು. ಹೇಳಿದೆ — ನಿಮ್ಮ ಯಜಮಾನರು ನನ್ನನ್ನು ಎಂದೂ ಕರೆಯಲಿಲ್ಲ, ನಾನಾಗಿಯೇ ಹೋದೆ, ಮನೆಯಲ್ಲಿ ಹೇಳಿ ಬನ್ನಿ ಎಂದವರು ಅವರು, ಸುಳ್ಳಾಡಿದವನು ನಾನು. ಅವಳು ಗಂಡನನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ನನ್ನನ್ನು ಕೇಳಿದಳು.

"ಇಷ್ಟು ವರ್ಷ ಯಾಕ್ ಬೇಕಾಯ್ತು ಸಾರ್?"

"ಹೆದ್ರಿದ್ದೆ ಕಣಮ್ಮ."

"ನಾವೂ ಹೆದ್ರಿದ್ವಿ" ಎಂದಳು. "ಅವ್ರು ಬಂದು ಕೂಗಾಡ್ದಾಗ ಇಬ್ರೂ ಒಳ್ಗಡೆ ಬಾಗ್ಲಿಗೆ ಒರಗಿ ಕೂತಿದ್ವಿ. ನೀವು ಬರ್ತೀರ, ಬಂದು ಹೇಳ್ತೀರ ಅಂತ ಇವ್ರು ಅಂತಿದ್ರು."

ಕ್ಷಮೆ ಕೇಳಲೆಂದು ಹೋಗಿದ್ದೆ. ಕೇಳಲಿಲ್ಲ. ಅವರೂ ಕೊಡಲಿಲ್ಲ.

ಅತ್ತಿಗೆ ಈಗ ಊಟ ಕಳಿಸುವುದಿಲ್ಲ. ಮೇಲೆ ಒಬ್ಬನೇ ಬೇಯಿಸಿಕೊಳ್ಳುತ್ತೇನೆ. ಮಧ್ಯಾಹ್ನ ಬೀದಿಗಿಳಿದು, ಒಂದೊಂದೇ ಮನೆಯ ಮುಂದೆ ನಿಂತು, ಅವತ್ತು ನಾನಾಡಿದ್ದು ಸುಳ್ಳು ಎನ್ನುತ್ತೇನೆ. ಕೆಲವರು ಮಗ್ಗ ನಿಲ್ಲಿಸಿ ಕೇಳುತ್ತಾರೆ. ಕೆಲವರು ನಿಲ್ಲಿಸುವುದಿಲ್ಲ, ಆಗ ಆ ಸದ್ದಿನ ಮೇಲೆಯೇ ಗಟ್ಟಿಯಾಗಿ ಹೇಳುತ್ತೇನೆ. ಎಡಸಾಲು ಮುಗಿದಿದೆ. ನಾಳೆ ಬಲಸಾಲು.