ದನದ ಓಣಿಗೆ ಕಂಡಕ್ಟರನ ಅಳತೆ

ಇಕ್ಕಟ್ಟಾದ ಜಾಗದಲ್ಲಿ ಜೀವಗಳನ್ನು ಮುಂದಕ್ಕೆ ಸಾಗಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ಮೊನ್ನೆ ಮೊನ್ನೆಯವರೆಗೂ ನನಗಿತ್ತು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಹೊನ್ನಾಳಿಯಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ ಅಲ್ಲೇ ಬೇರು ಬಿಟ್ಟು ನಿಂತವರನ್ನು, ನ್ಯಾಮತಿ ಬರುವಷ್ಟರಲ್ಲಿ ಡ್ರೈವರನ ಬೆನ್ನಿಗೆ ತಾಗಿಸಿ ನಿಲ್ಲಿಸುತ್ತಿದ್ದೆ. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದು ಸೀಟಿ, ಮತ್ತೆ "ಮುಂದೆ ಹೋಗ್ರಿ, ಮುಂದೆ ಹೋಗ್ರಿ" ಅನ್ನುವ ಬಾಯಿ.

ನಿವೃತ್ತನಾಗಿ ಸವಳಂಗದ ಹತ್ತಿರದ ಹೊಲಕ್ಕೆ ಬಂದು ಕೂತ ಮೇಲೆ ನನ್ನ ಪಾಲಿಗೆ ಉಳಿದ ಪ್ರಯಾಣಿಕರೆಂದರೆ ನಾಲ್ಕು ದನ. ಅವುಗಳಲ್ಲಿ ಕೆಂಪಿ ಎಂಬ ಹಸುವಿಗೆ ಸೂಜಿ ಕಂಡರಾಗದು. ಹೋದ ವರ್ಷ ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ನನ್ನ ಹೆಂಡತಿ ಗಿರಿಜಾ ಅದರ ಮೂಗುದಾರ ಹಿಡಿದು ನಿಂತಿದ್ದಳು. ಕೆಂಪಿ ಒಮ್ಮೆ ತಲೆ ಕೊಡವಿತು. ಕೊಂಬಿಗೂ ಕಂಬಕ್ಕೂ ನಡುವೆ ಸಿಕ್ಕಿ ಗಿರಿಜಾಳ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಈಗಲೂ ಎರಡು ರೊಟ್ಟಿ ತಟ್ಟಿದ ಮೇಲೆ ಮಣಿಕಟ್ಟನ್ನು ಎಡಗೈಲಿ ತಿಕ್ಕಿಕೊಳ್ಳುತ್ತಾಳೆ. ಅದನ್ನು ನೋಡಿದ ಮೇಲೆ ನಾನು ಮೂರನೆಯ ರೊಟ್ಟಿ ಕೇಳುವುದಿಲ್ಲ. "ಇನ್ಮೇಲೆ ನೀನು ಕೆಂಪಿ ಮುಂದೆ ನಿಲ್ಲೋದೇ ಬ್ಯಾಡ" ಎಂದು ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳಲೆಂದೇ ದನದ ಓಣಿ ಕಟ್ಟಿಸಿದ್ದು.

ಪಶು ಆಸ್ಪತ್ರೆಯ ಮುಂದೆ ಕಬ್ಬಿಣದ ಪೈಪಿನ ಚೌಕಟ್ಟು ಇರುತ್ತದಲ್ಲ, ದನವನ್ನು ನಿಲ್ಲಿಸಿ ಸೂಜಿ ಹಾಕುವುದು? ಅದೇ. ಅದಕ್ಕೆ ಹಿಂದಿನಿಂದ ಒಂದು ಉದ್ದನೆಯ ಓಣಿ. ದನ ಒಂದು ಕಡೆ ಹೊಕ್ಕರೆ ತಿರುಗಲಾರದೆ ನೆಟ್ಟಗೆ ಚೌಕಟ್ಟಿಗೇ ಬಂದು ನಿಲ್ಲಬೇಕು. ಮೊಬೈಲಿನಲ್ಲಿ ಯಾರೋ ಪರದೇಶದವರು ಮಾಡಿದ್ದನ್ನು ನೋಡಿಕೊಂಡೆ. ಅಳತೆಗೆ ಮಾತ್ರ ನನ್ನ ಬಸ್ಸೇ ಗುರು. ಅಕ್ಕಪಕ್ಕ ನೋಡಿ ಬೆದರದಿರಲೆಂದು ಎರಡೂ ಬದಿಗೆ ಎದೆಮಟ್ಟದ ತಗಡು, ಹಿಂದೊಂದು ಬಾಗಿಲು, ಮುಂದೊಂದು ಬಾಗಿಲು, ಎರಡಕ್ಕೂ ಹೊರಗಿನಿಂದ ಚಿಲಕ. ಮೇಲೆ ಹಸಿರು ಬಣ್ಣ, ಎರಡು ಸಲ ಬಳಿದೆ. ಚಹಾ ತಂದ ಗಿರಿಜಾ ಲೋಟ ಕೈಗಿಟ್ಟು ಕೇಳಿದಳು: "ಇದ್ರೊಳಗೆ ಮನುಷ್ಯಾರು ಹೆಂಗೆ ಓಡಾಡ್ತಾರ್ರೀ?"

"ಇದು ದನಕ್ಕೆ ಕಣೇ, ಮನುಷ್ಯಾರಿಗಲ್ಲ" ಎಂದು ನಾನು ನಕ್ಕೆ.

ನಾನು ಚಿಕ್ಕವನಿದ್ದಾಗ ಲಾಳ ಕಟ್ಟುವವರು ಎತ್ತಿನ ಕಾಲಿಗೆ ಹಗ್ಗ ಸುತ್ತಿ, ಒಂದೇ ಜಗ್ಗಿಗೆ ನೆಲಕ್ಕೆ ಮಲಗಿಸುತ್ತಿದ್ದರು. ಅವರಿಗೆ ಓಣಿಯೂ ಬೇಕಿರಲಿಲ್ಲ, ತಗಡೂ ಬೇಕಿರಲಿಲ್ಲ. ಎತ್ತಿನ ಸ್ವಭಾವ ಗೊತ್ತಿತ್ತು, ಅಷ್ಟೆ. ನನಗೆ ಗೊತ್ತಿದ್ದದ್ದು ಟಿಕೆಟ್ ತಗೊಂಡವರ ಸ್ವಭಾವ. ದನಕ್ಕೆ ಕಣ್ಣು ಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದಂತೆ, ಸರಿಯಾಗಿ ಬಾಲದ ಹಿಂದೆ ನಿಂತವನು ಮಾತ್ರ ಕಾಣುವುದಿಲ್ಲವಂತೆ. ಇದನ್ನು ದನದ ಡಾಕ್ಟರು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಲಸಿಕೆಯ ದಿನ ಬೆಳಿಗ್ಗೆ ಡಾಕ್ಟರು ಐಸ್ ಡಬ್ಬಿ ಹಿಡಿದು ಬಂದರು. ನಾನು ಸೀಟಿ ಕೊರಳಿಗೆ ಹಾಕಿಕೊಂಡು ಕೆಂಪಿಯ ಬಾಲದ ಹಿಂದೆ ನಿಂತು ಶುರು ಮಾಡಿದೆ: "ಮುಂದೆ ಹೋಗು, ಮುಂದೆ ಹೋಗು!" ಕೆಂಪಿ ಹಿಂದೆ ಬಂತು. ಇನ್ನೂ ಜೋರಾಗಿ ಕೂಗಿದೆ. ನನ್ನ ಕಾಲಿನ ಮೇಲೇ ಬಂತು. ಡಾಕ್ಟರು ಗಡಿಯಾರ ನೋಡಿಕೊಂಡು, "ಇನ್ನೂ ಅರ್ಧ ಊರು ಬಾಕಿ ಐತ್ರೀ ಯಜಮಾನ್ರೇ" ಎಂದರು.

ಆಗ ಗಿರಿಜಾ ಯಾರನ್ನೂ ಕೇಳಲಿಲ್ಲ. ಬಕೆಟ್ಟಿಗೆ ಎರಡು ಹಿಡಿ ಹಿಂಡಿ ಹಾಕಿಕೊಂಡು ಓಣಿಯೊಳಗೆ ತಾನೇ ಮುಂದಾಗಿ ನಡೆದಳು. ಅಷ್ಟು ಹೊತ್ತು ಮೊಂಡು ಹಿಡಿದಿದ್ದ ಕೆಂಪಿ ಮೂಗು ಚಾಚಿಕೊಂಡು ಅವಳ ಹಿಂದೆಯೇ ಹೋಯಿತು. ನನಗೆ ಎಂಥ ಸಂತೋಷ! ಮೂವತ್ತು ವರ್ಷದ ಕೈ ನೋಡಿ, ತಾನಾಗಿಯೇ ಹಿಂದಿನ ಬಾಗಿಲು ಎಳೆದು ಚಿಲಕ ಹಾಕಿತು. ಬಾಯಿ ತಾನಾಗಿಯೇ ಎರಡು ಸೀಟಿ ಊದಿತು.

"ಅಮ್ಮಾರು ಹೊರಗೆ ಹೆಂಗ್ರೀ ಬರ್ತಾರೆ?" ಎಂದರು ಡಾಕ್ಟರು.

ಸೀಟಿ ಬಾಯಿಂದ ಬಿತ್ತು. ಮುಂದಿನ ಬಾಗಿಲಿಗೆ ಚಿಲಕ, ಬದಿಗೆ ತಗಡು, ಹಿಂದೆ ಕೆಂಪಿ. ನಡುವೆ ಗಿರಿಜಾ. ಯಾವಳನ್ನು ಆ ಹಸುವಿನ ಮುಂದೆ ನಿಲ್ಲಿಸುವುದಿಲ್ಲವೆಂದು ಇಷ್ಟೆಲ್ಲ ಕಟ್ಟಿದೆನೋ, ಅವಳನ್ನೇ ಅದರ ಕೊಂಬಿನ ಮುಂದೆ ನಿಲ್ಲಿಸಿ, ನನ್ನ ಕೈಯಾರೆ ಬಾಗಿಲು ಹಾಕಿ, ರೈಟ್ ಕೊಟ್ಟಿದ್ದೆ. ತುರ್ತು ಬಾಗಿಲಿಲ್ಲದ ಬಸ್ಸನ್ನು ಡಿಪೋದಿಂದ ಹೊರಗೇ ಬಿಡುವುದಿಲ್ಲ ಎಂದು ಇಡೀ ಜನ್ಮ ಗೊತ್ತಿದ್ದವನು ನಾನು!

ಓಡಿ ಹೋಗಿ ಮುಂದಿನ ಚಿಲಕ ಎಳೆದೆ. ಬರಲಿಲ್ಲ. ಎರಡನೆಯ ಸಲ ಬಳಿದ ಬಣ್ಣ ಒಣಗಿ ಚಿಲಕವನ್ನು ಬಿಗಿಯಾಗಿ ಹಿಡಿದುಬಿಟ್ಟಿತ್ತು. ಬಡಿದು ಬಿಡಿಸಲು ಕಲ್ಲಿಗಾಗಿ ಹುಡುಕಿದೆ, ಒಂದೂ ಕಣ್ಣಿಗೆ ಬೀಳಲಿಲ್ಲ.

ಒಳಗಿನಿಂದ ಗಿರಿಜಾಳ ದನಿ ಬಂತು, ತೀರಾ ಮೆಲ್ಲಗೆ: "ಕೂಗಬ್ಯಾಡ್ರಿ. ಡಾಕ್ಟ್ರೇ, ನೀವು ಮೊದ್ಲು ಸೂಜಿ ಹಾಕ್ರಿ. ಆಮೇಲೆ ಹಿಂದಿನ ಬಾಗ್ಲು ತೆಗೀರಿ, ತಾನೇ ಹಿಂದಕ್ಕೆ ಹೋಗ್ತತಿ."

ಹಿಂದಿನ ಬಾಗಿಲು! ಅದೊಂದು ಇದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಡಾಕ್ಟರು ತಗಡಿನ ಮೇಲಿಂದ ಬಗ್ಗಿ ಸೂಜಿ ಚುಚ್ಚಿದರು. ಕೆಂಪಿ ತಲೆ ಕೊಡವಿತು. ಬಕೆಟ್ಟು ಹಾರಿ ಕಬ್ಬಿಣಕ್ಕೆ ಬಡಿದ ಸದ್ದಿಗೆ ನಾನು ಕಣ್ಣು ಮುಚ್ಚಿದೆ. ಮತ್ತೆ ತೆರೆದಾಗ ಗಿರಿಜಾ ಎಡಗೈಯಲ್ಲಿ ಕೆಂಪಿಯ ಹಣೆ ತೀಡುತ್ತಿದ್ದಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಒಳಗೆ ಹೆಜ್ಜೆ ಇಡುವ ಮೊದಲೇ ಹಾಗೆ ಸುತ್ತಿಕೊಂಡಿದ್ದಳು ಅನ್ನುವುದು ಆಗ ಹೊಳೆಯಿತು. ಅವಳಿಗೂ ಹೆದರಿಕೆ ಇತ್ತು. ನಾನು ಅದನ್ನೂ ಕೇಳಿರಲಿಲ್ಲ.

ಹಿಂದಿನ ಬಾಗಿಲು ತೆಗೆದೊಡನೆ ಕೆಂಪಿ ಹಿಂದಕ್ಕೇ ಸರಿದು ಹೋಯಿತು, ಗಿರಿಜಾ ಹೊರಗೆ ಬಂದಳು. ಅವತ್ತೇ ಮಧ್ಯಾಹ್ನ ತಗಡು ಕತ್ತರಿಸಿ, ಮುಂದಿನ ಬಾಗಿಲ ಪಕ್ಕದಲ್ಲಿ ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದಿ ಮಾಡಲು ಕೂತೆ. ಅಳತೆ ತೆಗೆಯಲು ಟೇಪು ಹಿಡಿದು ಗಿರಿಜಾಳನ್ನು ಕರೆದೆ. ಅವಳು ಬಂದು, ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಹೊಟ್ಟೆಗೆ ಹಿಡಿದಳು.

"ನಂದ್ಯಾಕೆ?" ಎಂದೆ.

"ಮುಂದಿನ ಸಲ ಬಕೆಟ್ ಹಿಡಿದು ಮುಂದೆ ನಡಿಯೋರು ನೀವು" ಎಂದಳು. ಆಮೇಲೆ ನನ್ನ ಕೊರಳಲ್ಲಿದ್ದ ಸೀಟಿಯನ್ನು ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡಳು.