ಹನ್ನೆರಡು ಗಂಟೆಯ ಅಳತೆ

ಪ್ರಿಯಾಳ ಓದು ಎಂಥದ್ದು ಎಂಬುದು ಅವಳ ಅಪ್ಪ ಗುರುಲಿಂಗಪ್ಪನಿಗೆ ಕೊನೆಯವರೆಗೂ ಸರಿಯಾಗಿ ತಲೆಗೆ ಹತ್ತಲಿಲ್ಲ. ವಾರದಲ್ಲಿ ಐದು ದಿನ ಕಾರ್ಖಾನೆ, ಶನಿವಾರ ಭಾನುವಾರ ಕಾಲೇಜು. ಕಾರ್ಖಾನೆಯವರೂ ಅಂಕ ಕೊಡುತ್ತಾರೆ, ವಿಶ್ವವಿದ್ಯಾಲಯದವರೂ ಕೊಡುತ್ತಾರೆ, ಎರಡೂ ಕೂಡಿದರೆ ಡಿಗ್ರಿ. "ಇದು ನೌಕರಿನೋ, ಸಾಲಿನೋ?" ಎಂದು ಆತ ಕೇಳುವುದು, "ದೋನ್ಹೀ, ಅಪ್ಪಾ!" ಎರಡೂ ಹೌದು ಎಂದು ಮಗಳು ಮರಾಠಿಯಲ್ಲಿ ರೇಗುವುದು, ಛತ್ರಪತಿ ಸಂಭಾಜಿನಗರದ ಆ ಎರಡು ಕೋಣೆಯ ಮನೆಯಲ್ಲಿ ಮೂರು ವರ್ಷ ನಡೆಯಿತು. ಭಾಲ್ಕಿಯಿಂದ ಬಂದು ನೆಲೆಯೂರಿದ ಸಂಸಾರ. ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಆಡಹೋದರೆ ಮಾತ್ರ ನಾಲಿಗೆ ತಡವರಿಸುತ್ತಿತ್ತು.

ಆ ನಾಲಿಗೆಯನ್ನು ಪಳಗಿಸಿದವರು ಮಹಿಬೂಬ ಚಾಚಾ. ಆಳಂದದ ಕಡೆಯವರು, ವಾಳೂಜಿನ ಆ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಲೇತ್ ನಡೆಸುತ್ತಿದ್ದವರು, ಅದೂ ಗುತ್ತಿಗೆದಾರನ ಕೈಕೆಳಗೆ. ಮರಾಠಿ ಹಿಂದಿಯ ಗದ್ದಲದ ನಡುವೆ ಇಬ್ಬರೇ ಕನ್ನಡದವರು. ಮೊದಲ ವಾರ ಮೈಕ್ರೋಮೀಟರನ್ನು ತಲೆಕೆಳಗಾಗಿ ಹಿಡಿದಿದ್ದ ಹುಡುಗಿಗೆ ಅದನ್ನು ಹಿಡಿಯಲು ಕಲಿಸಿದವರು ಅವರು. ಯಂತ್ರದ ಸದ್ದು ಕೇಳಿಯೇ "ಟೂಲ್ ಸವದಾದ ನೋಡು" ಅನ್ನುತ್ತಿದ್ದರು. ಅಳೆದು ನೋಡಿದರೆ ಅವರ ಮಾತೇ ಸರಿ ಇರುತ್ತಿತ್ತು. ಪುಸ್ತಕದಲ್ಲಿ ಅರ್ಧ ಪುಟ ಇದ್ದದ್ದನ್ನು ಅವರು ಅರ್ಧ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು.

ಅವರ ಲೇತಿನಿಂದ ಹೊರಬರುತ್ತಿದ್ದದ್ದು ಬೈಕಿನೊಳಗೆ ಕೂರುವ, ಬಳೆಯಂಥ ಉಕ್ಕಿನ ಬುಷ್. ಎರಡು ಗಂಟೆಗೊಮ್ಮೆ ಐದು ಬುಷ್ ತೆಗೆದು ಅಳೆಯಬೇಕು, ಅಂಕಿಗಳನ್ನು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಅದು ಪ್ರಿಯಾಳ ಕೆಲಸ. ಆ ಹಾಳೆ ಸರಿ ಎಂದರೆ ಸರಿ, ತಪ್ಪೆಂದರೆ ಯಂತ್ರ ನಿಲ್ಲಬೇಕು.

ಮೂರನೆಯ ವರ್ಷದ ಪರೀಕ್ಷೆ. ಶನಿವಾರ ಇದ್ದ ಪೇಪರನ್ನು ವಿಶ್ವವಿದ್ಯಾಲಯದವರು ಇದ್ದಕ್ಕಿದ್ದಂತೆ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ತಂದಿಟ್ಟರು. ಇವಳು ಕಾಡಿ ಬೇಡಿ ಅರ್ಧ ದಿನದ ರಜೆ ಪಡೆದಳು. ಹನ್ನೆರಡರ ಅಳತೆ ಮುಗಿಸಿ ಹೋಗಬೇಕು ಎಂಬ ಷರತ್ತು. ಚಾಚಾ ಹನ್ನೊಂದೂ ಐವತ್ತಕ್ಕೆ ಐದು ಬುಷ್ ತಂದು ಮೇಜಿನ ಮೇಲಿಟ್ಟರು. ಇವಳು ಅಂಗೈಯಷ್ಟು ಚೀಟಿಯಲ್ಲಿ ಸೂತ್ರ ಬಾಯಿಪಾಠ ಮಾಡುತ್ತಿದ್ದಳು. ತಲೆಯೆತ್ತಿದಾಗ ಹನ್ನೆರಡು ಮೀರಿ ಐದು ನಿಮಿಷ. ಅಳೆಯಲು ಹತ್ತು ನಿಮಿಷ ಬೇಕು, ಹೆಚ್ಚುಕಡಿಮೆ ಬಂದರೆ ಒಂದು ಗಂಟೆ ಅಲ್ಲೇ ಸಿಕ್ಕಿಬೀಳುವುದು. ಹತ್ತು ಗಂಟೆಯ ಅಂಕಿಗಳನ್ನೇ ಅಲ್ಲೊಂದು ಇಲ್ಲೊಂದು ತಿದ್ದಿ ಬರೆದು ಸಹಿ ಜಡಿದಳು.

"ಅಳದ್ಯಾ ಬೇಟಿ?" ಚಾಚಾ ಕೇಳಿದರು.

"ಅಳದೀನ್ರಿ ಚಾಚಾ. ಬರೋಬರ್ ಅದಾವ."

"ಹಂಗಾರ ಓಡು. ಛಲೋ ಬರಿ."

ಛಲೋ ಬರೆದಳು. ಅಂದಿನ ಪೇಪರ್ ಯಾವುದು ಗೊತ್ತೇ? ಗುಣಮಟ್ಟ ನಿರ್ವಹಣೆ! ಎಪ್ಪತ್ತೆಂಟು ಅಂಕ ಬಂತು.

ಎರಡು ಗಂಟೆಗೆ ಬೇರೊಬ್ಬ ಬಂದು ಅಳೆದಾಗ ಬುಷ್‌ಗಳ ಒಳ ಅಳತೆ ಹಿಗ್ಗಿತ್ತು. ಯಂತ್ರ ನಿಲ್ಲಿಸಿದರು. ಅಷ್ಟರಲ್ಲಿ ಬಹಳಷ್ಟು ಮಾಲು ಗಾಡಿ ಹತ್ತಿ ಹೋಗಿತ್ತು. ಮರುದಿನ ಅದು ಗಿರಾಕಿಯ ಬೈಗುಳದ ಸಮೇತ ವಾಪಸ್ಸಾಯಿತು. ಸಾಹೇಬರು ಹಾಳೆ ಹಿಡಿದು ವಿಚಾರಣೆಗೆ ಕೂತರು. ಹನ್ನೆರಡಕ್ಕೆ ಅಳತೆ ಸರಿ ಇತ್ತು, ಆಮೇಲೆ ಕೆಟ್ಟಿತು. ಆಮೇಲೆ ಯಂತ್ರ ಮುಟ್ಟಿದವರು ಯಾರು? ಟೂಲ್ ಸವೆದಷ್ಟನ್ನು ಸರಿದೂಗಿಸಲು ಹನ್ನೆರಡೂವರೆಗೆ ಚಾಚಾ ಯಂತ್ರದ ಪರದೆಯಲ್ಲಿ ಒಂದು ಚಿಕ್ಕ ಅಂಕಿ ಒತ್ತಿದ್ದರು. ಅದು ದಿನನಿತ್ಯದ ಕೆಲಸ. "ತಪ್ಪು ಅಂಕಿ ಒತ್ತಿದ್ದೀ" ಎಂದರು ಸಾಹೇಬರು. ಚಾಚಾ ಬಹಳ ಹೊತ್ತು ಯೋಚಿಸಿ, "ಒತ್ತಿರಬೌದ್ರಿ ಸಾಹೇಬ್" ಎಂದುಬಿಟ್ಟರು.

ಪ್ರಿಯಾ ಪಕ್ಕದಲ್ಲೇ ನಿಂತಿದ್ದಳು. ಆ ಬೆಳಿಗ್ಗೆ ಬಂದವಳೇ ಅವಳು ಮೇಜಿನ ಮೇಲೆ ಹಾಗೇ ಬಿದ್ದಿದ್ದ ಹನ್ನೆರಡು ಗಂಟೆಯ ಐದು ಬುಷ್‌ಗಳನ್ನು ಅಳೆದು ನೋಡಿದ್ದಳು. ಐದೂ ಹಿಗ್ಗಿದ್ದವು. ಚಾಚಾ ಒತ್ತುವ ಮೊದಲೇ ಯಂತ್ರ ಕೆಟ್ಟಿತ್ತು. ಬುಷ್‌ಗಳನ್ನು ಗುಜರಿ ಡಬ್ಬಿಗೆ ಎಸೆದು ಬಂದು ನಿಂತಿದ್ದಳು. ಬಾಯಿ ಬಿಟ್ಟರೆ ಸುಳ್ಳು ಹಾಳೆ ಬರೆದವಳೆಂದು ಕಾರ್ಖಾನೆಯ ಅಂಕ ಹೋಗುತ್ತದೆ, ಅಂಕ ಹೋದರೆ ಡಿಗ್ರಿಯೇ ಹೋಗುತ್ತದೆ. ನಾಳೆ ಹೇಳೋಣ ಎಂದುಕೊಂಡಳು. ನಾಳೆಯಿಂದ ಬರಬೇಡ ಎಂದು ಚಾಚಾಗೆ ಅಂದೇ ಹೇಳಿಯಾಗಿತ್ತು. ತಿಂಗಳ ಮೇಲೆ ಮೆಕ್ಯಾನಿಕ್ ಆ ಲೇತಿನಲ್ಲಿ ಟೂಲನ್ನು ಬಿಗಿದಿಡುವ ಹಿಡಿಕೆ ಸೀಳಿರುವುದನ್ನು ಕಂಡು ಬದಲಿಸಿದ. ಆ ಸೀಳನ್ನೂ ಹನ್ನೆರಡರ ಬುಷ್‌ಗಳನ್ನೂ ಕೂಡಿಸಿ ನೋಡಬಲ್ಲವಳು ಒಬ್ಬಳೇ ಇದ್ದಳು, ಆಗಲೂ ಅವಳು ಬಾಯಿ ಬಿಡಲಿಲ್ಲ.

ಡಿಗ್ರಿ ಬಂತು, ಗುರುಲಿಂಗಪ್ಪ ಓಣಿಗೆಲ್ಲ ಪೇಢೆ ಹಂಚಿದ. ನಾಶಿಕ್‌ನ ಅಂಬಡದಲ್ಲಿ ಕೆಲಸವೂ ಸಿಕ್ಕಿತು. ಈಗ ಅವಳ ಕೈಕೆಳಗೇ ನಾಲ್ಕು ಮಂದಿ ಇಂಥ ಓದುವ ಮಕ್ಕಳಿದ್ದಾರೆ. ಅವರು ಬರೆದ ಹಾಳೆಗೆ ಸಹಿ ಹಾಕುವ ಮೊದಲು ಅವಳು ಒಂದಾದರೂ ಬಿಡಿಭಾಗವನ್ನು ತಾನೇ ಅಳೆದು ನೋಡುತ್ತಾಳೆ. ಮೂರು ವರ್ಷ ಹೀಗೇ ಕಳೆದು, ಕಡೆಗೆ ಕಳೆದ ಭಾನುವಾರ ಮಾಲೇಗಾಂವ್ ಬಸ್ಸು ಹತ್ತಿದಳು. ಚಾಚಾ ಅಲ್ಲಿ ಹೆಂಡತಿಯ ತವರಿನಲ್ಲಿದ್ದಾರೆಂದು ತಿಳಿದಿತ್ತು.

ಮಗ್ಗದ ಶೆಡ್ಡಿನ ಮೂಲೆಯಲ್ಲಿ ಅವರು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಇವಳನ್ನು ಕಂಡು ಮುಖ ಅರಳಿತು. ಹೊರಗಿನ ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದರು.

"ಇಲ್ಲಿ ಲೇತ್ ಕೆಲಸ ಸಿಗಲಿಲ್ಲೇನ್ರಿ?" ಎಂದಳು.

"ಎಲ್ಡ್ ಕಡಿ ಕರದ್ರು. ನಾನೇ ಹೋಗ್ಲಿಲ್ಲ." ಅವರು ದನಿ ತಗ್ಗಿಸಿದರು. "ಹನ್ನೆರಡಕ್ಕ ನೀ ಅಳದಾಗ ಬರೋಬರ್ ಇತ್ತಲ್ಲ. ಆಮ್ಯಾಲ ನಾ ಏನ್ ಒತ್ತಿದೆ ಅಂತ ಇನ್ನಾ ನೆಪ್ಪಿಗಿ ಬರವಲ್ದು. ನನ್ನ ಕೈ ಮ್ಯಾಲ ನನಗೇ ಭರೋಸಾ ಉಳದಿಲ್ಲ ಬೇಟಿ."

ಅವರ ಕೆಲಸ ಕಳೆದೆ ಎಂದು ಕ್ಷಮೆ ಕೇಳಲು ಬಂದಿದ್ದಳು. ನಿಜಕ್ಕೂ ಕಳೆದದ್ದು ಈ ಭರವಸೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಳುತ್ತ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಅಳೆಯದೆ ಬರೆದದ್ದು, ಮರುದಿನ ಅಳೆದದ್ದು, ಎಸೆದದ್ದು, ಸೀಳಿದ ಹಿಡಿಕೆ.

ಚಾಚಾ ಒಂದೇ ಪ್ರಶ್ನೆ ಕೇಳಿದರು. "ನಾ ಒತ್ತೂಕಿಂತ ಮೊದಲೇ ಕೆಟ್ಟಿತ್ತಾ?"

"ಹೌದ್ರಿ."

"ಖರೆ?"

"ಖರೆ ಚಾಚಾ."

ಒಳಗೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು.

"ನೌಕರಿ ಹೋಯ್ತು, ಹೋಗ್ಲಿ. ನಿಂದು ಓದಿತ್ತು, ನೀ ಅಂಜಿದಿ, ಅದೂ ತಿಳೀತದ," ಎಂದರು. "ಸಾಹೇಬ್ರಿಗಿ ಹೇಳಬ್ಯಾಡಾಗಿತ್ತು. ನನಗೊಬ್ಬಂಗ, ಫೋನಿನ್ಯಾಗ, ಇದೊಂದು ಮಾತು ಹೇಳಿದ್ರ ಸಾಕಿತ್ತು."

ಅವರ ನಂಬರು ಮೂರು ವರ್ಷವೂ ಅವಳ ಫೋನಿನಲ್ಲೇ ಇತ್ತು. ಚಹಾ ಹಾಗೇ ಬಿಟ್ಟು ಎದ್ದು ನಿಂತಳು. ಚಾಚಾ ಕುಂದ್ರು ಅನ್ನಲಿಲ್ಲ.